ಹೋಟೆಲ್ ನಿಷ್ಠಾ ಕಾರ್ಯಕ್ರಮ

ಹೋಟೆಲ್ ನಿಷ್ಠಾ ಕಾರ್ಯಕ್ರಮ ಎಂಬುದು ಒಂದೇ ಹೋಟೆಲ್ ಸಮೂಹದಲ್ಲಿ ಮತ್ತೆ ಮತ್ತೆ ತಂಗುವ ಅತಿಥಿಗಳಿಗೆ ಪಾಯಿಂಟ್, ಸದಸ್ಯತ್ವ ಶ್ರೇಣಿ ಹಾಗೂ ಕೆಲವು ಸೌಲಭ್ಯಗಳನ್ನು ನೀಡಿ, ಅವರು ಅದೇ ಸಮೂಹಕ್ಕೆ ಮರಳಿ ಬರುವಂತೆ ಮಾಡುವ ವ್ಯಾಪಾರಿ ವ್ಯವಸ್ಥೆಯಾಗಿದೆ. ಆಡುಮಾತಿನಲ್ಲಿ ಇದನ್ನು ಲಾಯಲ್ಟಿ ಪ್ರೋಗ್ರಾಂ, ರಿವಾರ್ಡ್ಸ್ ಅಥವಾ ಪಾಯಿಂಟ್ಸ್ ಎಂದು ಕರೆಯುತ್ತಾರೆ. ಬಹುತೇಕ ಕಾರ್ಯಕ್ರಮಗಳಿಗೆ ಸೇರಲು ಶುಲ್ಕವಿಲ್ಲ. ಮ್ಯಾರಿಯಟ್ ಬಾನ್‌ವಾಯ್, ಹಿಲ್ಟನ್ ಆನರ್ಸ್, ಐಎಚ್‌ಜಿ ಒನ್ ರಿವಾರ್ಡ್ಸ್, ವರ್ಲ್ಡ್ ಆಫ್ ಹಯಾತ್ ಮತ್ತು ಆಕರ್ ಸಮೂಹದ ಆಲ್ ಜಾಗತಿಕ ಮಟ್ಟದ ಕಾರ್ಯಕ್ರಮಗಳಾಗಿವೆ. ಭಾರತೀಯ ಸಮೂಹಗಳ ಪೈಕಿ ತಾಜ್ ಇನ್ನರ್‌ಸರ್ಕಲ್–ನ್ಯೂಪಾಸ್ ಮತ್ತು ಕ್ಲಬ್ ಐಟಿಸಿ ಪ್ರಮುಖವಾದವು.

ಕರ್ನಾಟಕದಲ್ಲಿ ಈ ಕಾರ್ಯಕ್ರಮಗಳ ಬಳಕೆ ಮೊದಲು ಬೆಂಗಳೂರು ನಗರದ ಹೋಟೆಲುಗಳಿಗೆ ಸೀಮಿತವಾಗಿತ್ತು. 2008ರಲ್ಲಿ ದೇವನಹಳ್ಳಿಯಲ್ಲಿ ಹೊಸ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಆರಂಭವಾದ ಬಳಿಕ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿಯೂ ಸರಣಿ ಹೋಟೆಲುಗಳು ತಲೆಯೆತ್ತಿದವು. ವಿಮಾನ ಪ್ರಯಾಣಿಕರು ಹಾಗೂ ಜಿಲ್ಲೆಯ ಕೈಗಾರಿಕಾ ಪ್ರದೇಶಗಳಿಗೆ ಪದೇ ಪದೇ ಬಂದು ಹೋಗುವ ಇಂಜಿನಿಯರುಗಳು, ಲೆಕ್ಕಪರಿಶೋಧಕರು ಮತ್ತು ಮಾರಾಟ ಪ್ರತಿನಿಧಿಗಳು ಇಲ್ಲಿನ ಮುಖ್ಯ ಬಳಕೆದಾರರಾಗಿದ್ದಾರೆ.

## ಪದಬಳಕೆ

ಕನ್ನಡದಲ್ಲಿ 'ಹೋಟೆಲ್' ಎಂದರೆ ಸಾಮಾನ್ಯವಾಗಿ ತಿಂಡಿ–ಊಟ ದೊರೆಯುವ ಸ್ಥಳ ಎಂಬ ಅರ್ಥವಿದೆ. ತಂಗುವ ಸ್ಥಳಕ್ಕೆ ವಸತಿಗೃಹ ಅಥವಾ ಲಾಡ್ಜ್ ಎಂಬ ಪದಗಳು ಬಳಕೆಯಲ್ಲಿವೆ. ಪ್ರಸ್ತುತ ಲೇಖನದಲ್ಲಿ 'ಹೋಟೆಲ್' ಎಂಬುದನ್ನು ಕೊಠಡಿ ಬಾಡಿಗೆಗೆ ನೀಡುವ ಸಂಸ್ಥೆ ಎಂಬ ಅರ್ಥದಲ್ಲಿ ಬಳಸಲಾಗಿದೆ.

ಖಾಯಂ ಗಿರಾಕಿಗೆ ರಿಯಾಯಿತಿ ನೀಡುವ ಪದ್ಧತಿ ಹೊಸದೇನಲ್ಲ. ಹಾಲು, ಹೂವು, ದಿನಪತ್ರಿಕೆಗಳನ್ನು ವರ್ತನೆಯ ಮೇಲೆ ಪಡೆಯುವುದು, ಮೆಸ್ಸುಗಳಲ್ಲಿ ತಿಂಗಳ ಊಟದ ಕೂಪನ್ ಕೊಳ್ಳುವುದು, ಗುರುತಿನ ಲಾಡ್ಜಿನ ಮಾಲೀಕರು ಹಳೆಯ ಗಿರಾಕಿಗೆ ಬಾಡಿಗೆ ಇಳಿಸುವುದು ಇವೆಲ್ಲವೂ ಇದೇ ತತ್ತ್ವದ ರೂಪಗಳು. ಅವುಗಳಲ್ಲಿ ರಿಯಾಯಿತಿಯು ಪರಿಚಯದ ಮೇಲೆ ನಿಂತಿದ್ದು, ಆಗಿಂದಾಗಲೇ ಹಣದ ರೂಪದಲ್ಲಿ ದೊರೆಯುತ್ತದೆ. ನಿಷ್ಠಾ ಕಾರ್ಯಕ್ರಮದಲ್ಲಿ ಅದು ಲಿಖಿತ ನಿಯಮಗಳ ಮೇಲೆ ನಿಂತಿದ್ದು, ಮುಂದೆ ಬಳಸಬೇಕಾದ ಪಾಯಿಂಟಿನ ರೂಪದಲ್ಲಿರುತ್ತದೆ. ಪಾಯಿಂಟಿನ ಬೆಲೆಯನ್ನು ನಿರ್ಧರಿಸುವ ಅಧಿಕಾರ ಸಮೂಹದ ಕೈಯಲ್ಲಿಯೇ ಇರುತ್ತದೆ ಎಂಬುದು ಇವೆರಡರ ನಡುವಿನ ಮುಖ್ಯ ವ್ಯತ್ಯಾಸವಾಗಿದೆ.

## ಇತಿಹಾಸ

ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರ ಮೇ ತಿಂಗಳಿನಲ್ಲಿ ಎಅಡ್ವಾಂಟೇಜ್ ಎಂಬ ಯೋಜನೆಯನ್ನು ಆರಂಭಿಸಿ, ಹಾರಿದ ದೂರಕ್ಕೆ ತಕ್ಕಂತೆ ಮೈಲಿಗಳನ್ನು ಜಮೆ ಮಾಡತೊಡಗಿತು. ಅದರ ಯಶಸ್ಸನ್ನು ಕಂಡ ಹೋಟೆಲ್ ಸಮೂಹಗಳು ಇದೇ ಹಾದಿಯನ್ನು ಹಿಡಿದವು. 1983ರಲ್ಲಿ ಹಾಲಿಡೇ ಇನ್ 'ಪ್ರಯಾರಿಟಿ ಕ್ಲಬ್' ಅನ್ನು ಆರಂಭಿಸಿತು. ಇದನ್ನು ಹೋಟೆಲ್ ಉದ್ಯಮದ ಮೊದಲ ನಿಷ್ಠಾ ಕಾರ್ಯಕ್ರಮವೆಂದು ಪರಿಗಣಿಸಲಾಗುತ್ತದೆ. ಅದೇ ವರ್ಷ ಮ್ಯಾರಿಯಟ್ ಕೂಡ ತನ್ನ ಕಾರ್ಯಕ್ರಮವನ್ನು ಪ್ರಕಟಿಸಿತು. 1987ರಲ್ಲಿ ಹಿಲ್ಟನ್ ಮತ್ತು ಹಯಾತ್ ಇವುಗಳನ್ನು ಅನುಸರಿಸಿದವು.

1999ರಲ್ಲಿ ಸ್ಟಾರ್‌ವುಡ್ ಸಮೂಹವು 'ಸ್ಟಾರ್‌ವುಡ್ ಪ್ರಿಫರ್ಡ್ ಗೆಸ್ಟ್' ಕಾರ್ಯಕ್ರಮವನ್ನು ತಂದಿತು. ಹಬ್ಬ ಹಾಗೂ ರಜೆಯ ದಿನಗಳಲ್ಲಿ ಪಾಯಿಂಟ್ ಬಳಸಲು ಅವಕಾಶ ನೀಡದಿರುವ 'ನಿಷೇಧಿತ ದಿನ'ಗಳನ್ನು ಇದು ಕೈಬಿಟ್ಟಿತು. 2016ರಲ್ಲಿ ಮ್ಯಾರಿಯಟ್ ಸ್ಟಾರ್‌ವುಡ್ ಸಮೂಹವನ್ನು ಕೊಂಡಿತು. ಎರಡರ ಕಾರ್ಯಕ್ರಮಗಳು 2018ರ ಆಗಸ್ಟ್‌ನಲ್ಲಿ ಒಂದಾಗಿ, 2019ರ ಫೆಬ್ರವರಿಯಿಂದ 'ಮ್ಯಾರಿಯಟ್ ಬಾನ್‌ವಾಯ್' ಎಂಬ ಹೆಸರನ್ನು ಪಡೆದವು. ಹಯಾತ್ 2017ರಲ್ಲಿ 'ವರ್ಲ್ಡ್ ಆಫ್ ಹಯಾತ್' ಎಂಬ ಹೆಸರನ್ನೂ, ಹಾಲಿಡೇ ಇನ್‌ನ ಈಗಿನ ಒಡೆತನ ಸಂಸ್ಥೆಯಾದ ಐಎಚ್‌ಜಿ 2022ರಲ್ಲಿ 'ಐಎಚ್‌ಜಿ ಒನ್ ರಿವಾರ್ಡ್ಸ್' ಎಂಬ ಹೆಸರನ್ನೂ ಅಳವಡಿಸಿಕೊಂಡವು. ಇಂದು ಬಾನ್‌ವಾಯ್ ಹಾಗೂ ಹಿಲ್ಟನ್ ಆನರ್ಸ್ ತಲಾ 20 ಕೋಟಿಗೂ ಹೆಚ್ಚು ಸದಸ್ಯರನ್ನು ಹೊಂದಿವೆ.

ಭಾರತದಲ್ಲಿ ಟಾಟಾ ಸಮೂಹವು 2022ರ ಏಪ್ರಿಲ್ 7ರಂದು 'ಟಾಟಾ ನ್ಯೂ' ಆ್ಯಪ್ ಅನ್ನು ಬಿಡುಗಡೆ ಮಾಡಿತು. ಅದರೊಂದಿಗೆ ತಾಜ್ ಇನ್ನರ್‌ಸರ್ಕಲ್ ಕೇವಲ ಹೋಟೆಲಿನ ಕಾರ್ಯಕ್ರಮವಾಗಿ ಉಳಿಯದೆ, ದಿನಸಿ, ಔಷಧ, ಗೃಹೋಪಯೋಗಿ ವಸ್ತುಗಳ ಖರೀದಿಯನ್ನೂ ಒಳಗೊಂಡ ನ್ಯೂಪಾಸ್ ವ್ಯವಸ್ಥೆಯ ಭಾಗವಾಯಿತು. 2023ರ ಆಗಸ್ಟ್‌ನಲ್ಲಿ ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಮ್ಯಾರಿಯಟ್ ಜಂಟಿಯಾಗಿ ಕ್ರೆಡಿಟ್ ಕಾರ್ಡ್ ಹೊರತಂದವು. ಇದು ಭಾರತದಲ್ಲಿ ಹೋಟೆಲ್ ಸಮೂಹವೊಂದರ ಹೆಸರಿನಲ್ಲಿ ಬಂದ ಮೊದಲ ಜಂಟಿ ಕ್ರೆಡಿಟ್ ಕಾರ್ಡ್ ಎಂದು ಗುರುತಿಸಲ್ಪಟ್ಟಿದೆ.

## ಕಾರ್ಯವಿಧಾನ

### ಪಾಯಿಂಟ್ ಗಳಿಕೆ

ಸದಸ್ಯನು ಪಾವತಿಸಿದ ಕೊಠಡಿ ದರದ ಮೇಲೆ ಪಾಯಿಂಟ್ ಲೆಕ್ಕ ಹಾಕಲಾಗುತ್ತದೆ. ಜಿಎಸ್‌ಟಿ ಮುಂತಾದ ತೆರಿಗೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೋಟೆಲಿನಲ್ಲಿ ಊಟ, ಬಟ್ಟೆ ಒಗೆತ ಮುಂತಾದವುಗಳಿಗೆ ಮಾಡಿದ ವೆಚ್ಚವನ್ನು ಕೊಠಡಿಯ ಬಿಲ್ಲಿಗೆ ಸೇರಿಸಿದ್ದರೆ, ಬಹಳಷ್ಟು ಕಡೆ ಅದಕ್ಕೂ ಪಾಯಿಂಟ್ ದೊರೆಯುತ್ತದೆ.

ಸಮೂಹದ ಸ್ವಂತ ಜಾಲತಾಣ, ಆ್ಯಪ್ ಅಥವಾ ದೂರವಾಣಿಯ ಮೂಲಕ ಕಾಯ್ದಿರಿಸಿದ ಕೊಠಡಿಗಳಿಗೆ ಮಾತ್ರ ಪಾಯಿಂಟ್ ಸಲ್ಲುತ್ತದೆ ಎಂಬುದು ಸಾಮಾನ್ಯ ನಿಯಮವಾಗಿದೆ. ಮೇಕ್‌ಮೈಟ್ರಿಪ್, ಬುಕಿಂಗ್ ಡಾಟ್ ಕಾಮ್ ಮುಂತಾದ ಮಧ್ಯವರ್ತಿ ತಾಣಗಳಲ್ಲಿ ಕಾಯ್ದಿರಿಸಿದರೆ ಪಾಯಿಂಟ್ ಆಗಲಿ, ಶ್ರೇಣಿಗೆ ಬೇಕಾದ ರಾತ್ರಿಯ ಎಣಿಕೆಯಾಗಲಿ ಸಾಮಾನ್ಯವಾಗಿ ದೊರೆಯುವುದಿಲ್ಲ. ಮಧ್ಯವರ್ತಿಗಳಿಗೆ ಕೊಡಬೇಕಾದ ಕಮಿಷನ್ ಉಳಿಸುವುದು ಸಮೂಹಗಳಿಗೆ ಈ ಕಾರ್ಯಕ್ರಮಗಳಿಂದಾಗುವ ದೊಡ್ಡ ಲಾಭಗಳಲ್ಲಿ ಒಂದಾಗಿದೆ.

### ಶ್ರೇಣಿಗಳು

ಒಂದು ಕ್ಯಾಲೆಂಡರ್ ವರ್ಷದಲ್ಲಿ ತಂಗಿದ ರಾತ್ರಿಗಳ ಸಂಖ್ಯೆಗೆ ಅನುಗುಣವಾಗಿ ಸದಸ್ಯರನ್ನು ಶ್ರೇಣಿಗಳಾಗಿ ವಿಂಗಡಿಸಲಾಗುತ್ತದೆ. ಮೇಲಿನ ಶ್ರೇಣಿಯವರಿಗೆ ಹೆಚ್ಚುವರಿ ಪಾಯಿಂಟ್, ತಡವಾಗಿ ಕೊಠಡಿ ತೆರವು ಮಾಡುವ ಅನುಕೂಲ, ಉತ್ತಮ ದರ್ಜೆಯ ಕೊಠಡಿ, ಉಪಾಹಾರ, ಲೌಂಜ್ ಪ್ರವೇಶ ಮುಂತಾದವು ದೊರೆಯುತ್ತವೆ. ಇವುಗಳಲ್ಲಿ ಅನೇಕ ಸೌಲಭ್ಯಗಳು 'ಲಭ್ಯತೆಗೆ ಒಳಪಟ್ಟಿವೆ' ಎಂಬ ಷರತ್ತನ್ನು ಹೊಂದಿರುತ್ತವೆ.

### ಪಾಯಿಂಟ್ ಬಳಕೆ

ಪಾಯಿಂಟುಗಳನ್ನು ಉಚಿತ ರಾತ್ರಿಗೆ ಬಳಸುವುದು ಹೆಚ್ಚು ರೂಢಿಯಲ್ಲಿದೆ. ವಿಮಾನ ಸಂಸ್ಥೆಗಳ ಮೈಲಿಗಳಾಗಿ ಪರಿವರ್ತಿಸಲು ಅಥವಾ ವಸ್ತುಗಳನ್ನು ಕೊಳ್ಳಲು ಕೂಡ ಅವಕಾಶವಿದೆ. ಬಾನ್‌ವಾಯ್‌ನ 3 ಪಾಯಿಂಟುಗಳಿಗೆ ಬಹುತೇಕ ವಿಮಾನ ಸಂಸ್ಥೆಗಳಲ್ಲಿ 1 ಮೈಲಿ ದೊರೆಯುತ್ತದೆ. ಆದರೆ ವಸ್ತು ಖರೀದಿಗೆ ಬಳಸಿದಾಗ ಪಾಯಿಂಟಿನ ಬೆಲೆ ಸಾಮಾನ್ಯವಾಗಿ ಕುಸಿಯುತ್ತದೆ.

### ಹಣದ ಹರಿವು

ಸರಣಿಯ ಹೆಸರು ಹೊತ್ತ ಹೋಟೆಲಿನ ಕಟ್ಟಡ ಅನೇಕ ವೇಳೆ ಬೇರೊಬ್ಬರ ಒಡೆತನದಲ್ಲಿರುತ್ತದೆ. ದೇವನಹಳ್ಳಿ ತಾಲ್ಲೂಕಿನ ಕಾರಹಳ್ಳಿಯಲ್ಲಿರುವ ಜೆಡಬ್ಲ್ಯೂ ಮ್ಯಾರಿಯಟ್ ರೆಸಾರ್ಟ್ ಇದಕ್ಕೆ ಉದಾಹರಣೆಯಾಗಿದೆ. ಅದನ್ನು ನಿರ್ಮಿಸಿದ್ದು ಬೆಂಗಳೂರಿನ ಪ್ರೆಸ್ಟೀಜ್ ಸಮೂಹ, ನಡೆಸುತ್ತಿರುವುದು ಮ್ಯಾರಿಯಟ್. ಇಂತಹ ವ್ಯವಸ್ಥೆಯಲ್ಲಿ ಸದಸ್ಯನು ಪಾವತಿಸಿ ತಂಗಿದಾಗ ಹೋಟೆಲಿನ ಮಾಲೀಕರು ಬಿಲ್ಲಿನ ಒಂದು ಪಾಲನ್ನು ಕಾರ್ಯಕ್ರಮದ ನಿಧಿಗೆ ಕಟ್ಟುತ್ತಾರೆ. ಸದಸ್ಯನು ಪಾಯಿಂಟ್ ಬಳಸಿ ತಂಗಿದಾಗ ಆ ನಿಧಿಯಿಂದ ಹೋಟೆಲಿಗೆ ಪರಿಹಾರ ಸಂದಾಯವಾಗುತ್ತದೆ. ಹೋಟೆಲ್ ಬಹುತೇಕ ಭರ್ತಿಯಾಗಿರುವ ದಿನ ಈ ಪರಿಹಾರ ಹೆಚ್ಚಾಗಿಯೂ, ಕೊಠಡಿಗಳು ಖಾಲಿಯಿರುವ ದಿನ ಕಡಿಮೆಯಾಗಿಯೂ ಇರುವುದು ವಾಡಿಕೆ. ಬಳಕೆಯಾಗದೆ ಉಳಿದ ಪಾಯಿಂಟುಗಳನ್ನು ಸಮೂಹದ ಲೆಕ್ಕಪತ್ರಗಳಲ್ಲಿ ಮುಂದೂಡಿದ ಆದಾಯ, ಅಂದರೆ ಸಲ್ಲಿಸಬೇಕಾದ ಬಾಧ್ಯತೆ ಎಂದು ತೋರಿಸಲಾಗುತ್ತದೆ. ಪಾಯಿಂಟ್ ಅವಧಿ ಮೀರಿದರೆ ಅಥವಾ ಅದರ ಬೆಲೆ ಇಳಿದರೆ ಈ ಬಾಧ್ಯತೆ ಹಗುರವಾಗುತ್ತದೆ.

## ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ

1986ರಲ್ಲಿ ರಚನೆಯಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಿದೆ. ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಮರುನಾಮಕರಣ ಮಾಡಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ್ದ ರಾಜ್ಯ ಸಚಿವ ಸಂಪುಟ ನಿರ್ಧರಿಸಿತು. ನಾಲ್ಕೂ ತಾಲ್ಲೂಕುಗಳಿಗೆ ಹೊರಗಿನಿಂದ ಬರುವ ಉದ್ಯೋಗಸ್ಥ ಪ್ರಯಾಣಿಕರಿದ್ದರೂ ನಿಷ್ಠಾ ಕಾರ್ಯಕ್ರಮಗಳಿಗೆ ಸೇರಿದ ಹೋಟೆಲುಗಳು ಸಮನಾಗಿ ಹಂಚಿಕೆಯಾಗಿಲ್ಲ.

* ದೇವನಹಳ್ಳಿ: ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಆವರಣದಲ್ಲಿಯೇ ಇರುವ ತಾಜ್ ಬೆಂಗಳೂರು ಹೋಟೆಲ್ 2015ರಲ್ಲಿ ಆರಂಭವಾಯಿತು. ಇದು ಇನ್ನರ್‌ಸರ್ಕಲ್–ನ್ಯೂಪಾಸ್ ವ್ಯಾಪ್ತಿಗೆ ಸೇರಿದೆ. ನಿಲ್ದಾಣದ ಬಳಿಯ ಏರ್‌ಪೋರ್ಟ್ ಸಿಟಿಯಲ್ಲಿ ವಿವಾಂತ ಮತ್ತು ಜಿಂಜರ್ ಹೆಸರಿನ, ಒಟ್ಟು 775 ಕೊಠಡಿಗಳ ಜೋಡಿ ಹೋಟೆಲಿಗೂ ತಾಜ್‌ನ ಒಡೆತನ ಸಂಸ್ಥೆ ಒಪ್ಪಂದ ಮಾಡಿಕೊಂಡಿದೆ. ನಂದಿಬೆಟ್ಟದ ರಸ್ತೆಯಲ್ಲಿರುವ, 301 ಕೊಠಡಿಗಳ ಜೆಡಬ್ಲ್ಯೂ ಮ್ಯಾರಿಯಟ್ ಬೆಂಗಳೂರು ಪ್ರೆಸ್ಟೀಜ್ ಗಾಲ್ಫ್‌ಶೈರ್ 2022ರಲ್ಲಿ ಆರಂಭವಾಗಿದ್ದು, ಬಾನ್‌ವಾಯ್ ವ್ಯಾಪ್ತಿಯಲ್ಲಿದೆ.
* ದೊಡ್ಡಬಳ್ಳಾಪುರ: ಕೈಗಾರಿಕಾ ಪ್ರದೇಶ, ಉಡುಪು ಕಾರ್ಖಾನೆಗಳು ಮತ್ತು ನೇಕಾರಿಕೆಗೆ ಹೆಸರಾದ ಈ ಪಟ್ಟಣದಲ್ಲಿ ವ್ಯಾಪಾರಕ್ಕೆಂದು ಬರುವವರು ಹೆಚ್ಚಾಗಿ ಸ್ಥಳೀಯ ಲಾಡ್ಜುಗಳಲ್ಲಿಯೇ ತಂಗುತ್ತಾರೆ. ದೇವನಹಳ್ಳಿ–ದೊಡ್ಡಬಳ್ಳಾಪುರ ಭಾಗದಲ್ಲಿ ಫಾಕ್ಸ್‌ಕಾನ್ ಘಟಕ ಬಂದ ಮೇಲೆ ಹೊರರಾಜ್ಯ ಹಾಗೂ ವಿದೇಶಗಳಿಂದ ಬರುವ ತಂತ್ರಜ್ಞರು ಈ ಭಾಗದ ಪ್ರಯಾಣಿಕರ ಸಾಲಿಗೆ ಸೇರಿದ್ದಾರೆ.
* ಹೊಸಕೋಟೆ: ಕೈಗಾರಿಕೆಗಳು ಹಾಗೂ ಗೋದಾಮುಗಳಿಗೆ ಬರುವವರಿಗೆ ವೈಟ್‌ಫೀಲ್ಡ್‌ನ ಮ್ಯಾರಿಯಟ್, ಶೆರಟಾನ್ ಮುಂತಾದ ಹೋಟೆಲುಗಳು ಹತ್ತಿರವಾಗುತ್ತವೆ. ಇವು ಬೆಂಗಳೂರು ನಗರ ಜಿಲ್ಲೆಗೆ ಸೇರಿವೆ.
* ನೆಲಮಂಗಲ: ತುಮಕೂರು ಮತ್ತು ಹಾಸನ ರಸ್ತೆಗಳು ಕವಲೊಡೆಯುವ ಈ ಪಟ್ಟಣಕ್ಕೂ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶಕ್ಕೂ ಬರುವವರು ಪಾಯಿಂಟ್ ಬೇಕೆಂದರೆ ಯಶವಂತಪುರ, ರಾಜಾಜಿನಗರದ ಕಡೆ ತಂಗಬೇಕಾಗುತ್ತದೆ. 2013ರಲ್ಲಿ ರಾಜಾಜಿನಗರದಲ್ಲಿ ಆರಂಭವಾದ ಫೇರ್‌ಫೀಲ್ಡ್ ಬೈ ಮ್ಯಾರಿಯಟ್ ಆ ಹೆಸರಿನಲ್ಲಿ ಭಾರತದಲ್ಲಿ ತೆರೆದ ಮೊದಲ ಹೋಟೆಲಾಗಿದೆ.

ಹೀಗಾಗಿ ಈ ಜಿಲ್ಲೆಯಲ್ಲಿ ಕಾರ್ಯಕ್ರಮಗಳನ್ನು ಹೋಲಿಸುವಾಗ ಪಾಯಿಂಟಿನ ದರಕ್ಕಿಂತ ಮೊದಲು ಬರುವ ಪ್ರಶ್ನೆ, ಕೆಲಸದ ಸ್ಥಳದಿಂದ ಹೋಟೆಲು ಎಷ್ಟು ದೂರವಿದೆ ಎಂಬುದು. ಹೆಸರಿನಲ್ಲಿ 'ಏರ್‌ಪೋರ್ಟ್' ಎಂದಿರುವ ಹೋಟೆಲು ನಿಲ್ದಾಣದಿಂದ ಹೆಬ್ಬಾಳದವರೆಗಿನ ಬಳ್ಳಾರಿ ರಸ್ತೆಯಲ್ಲಿ ಎಲ್ಲಿಯಾದರೂ ಇರಬಹುದು. ಹೋಗಿಬರುವ ಟ್ಯಾಕ್ಸಿಯ ಬಾಡಿಗೆ ಒಂದು ರಾತ್ರಿಯ ಪಾಯಿಂಟುಗಳ ಬೆಲೆಯನ್ನು ಸುಲಭವಾಗಿ ಮೀರುತ್ತದೆ.

## ಪ್ರಮುಖ ಕಾರ್ಯಕ್ರಮಗಳ ಹೋಲಿಕೆ

ನಿಯಮಗಳು ಆಗಾಗ ಬದಲಾಗುತ್ತವೆ. ಇಲ್ಲಿ ಕೊಟ್ಟಿರುವುದು ಹಲವು ವರ್ಷಗಳಿಂದ ಜಾರಿಯಲ್ಲಿರುವ ಮೂಲ ಚೌಕಟ್ಟು.

* ಮ್ಯಾರಿಯಟ್ ಬಾನ್‌ವಾಯ್: ಬಹುತೇಕ ಹೋಟೆಲುಗಳಲ್ಲಿ ಪ್ರತಿ ಅಮೆರಿಕನ್ ಡಾಲರಿಗೆ 10 ಪಾಯಿಂಟ್. ಸಿಲ್ವರ್ ಶ್ರೇಣಿಗೆ 10, ಗೋಲ್ಡ್‌ಗೆ 25, ಪ್ಲಾಟಿನಂಗೆ 50, ಟೈಟಾನಿಯಂಗೆ 75 ರಾತ್ರಿಗಳು ಬೇಕು. ಪಾಯಿಂಟ್ ಬಳಸಿ ಸತತ 5 ರಾತ್ರಿ ಕಾಯ್ದಿರಿಸಿದರೆ ಒಂದು ರಾತ್ರಿಗೆ ಪಾಯಿಂಟ್ ಕೊಡಬೇಕಾಗಿಲ್ಲ. 24 ತಿಂಗಳು ಯಾವುದೇ ಚಟುವಟಿಕೆ ಇಲ್ಲದಿದ್ದರೆ ಪಾಯಿಂಟ್ ರದ್ದಾಗುತ್ತದೆ.
* ಹಿಲ್ಟನ್ ಆನರ್ಸ್: ಬಹುತೇಕ ಹೋಟೆಲುಗಳಲ್ಲಿ ಪ್ರತಿ ಡಾಲರಿಗೆ 10 ಪಾಯಿಂಟ್. ಸಿಲ್ವರ್, ಗೋಲ್ಡ್, ಡೈಮಂಡ್ ಎಂಬ ಮೂಲ ಶ್ರೇಣಿಗಳಿವೆ. ಅಮೆರಿಕದ ಹೊರಗೆ ಗೋಲ್ಡ್ ಸದಸ್ಯರಿಗೇ ಉಪಾಹಾರ ದೊರೆಯುವುದು ಇದರ ವೈಶಿಷ್ಟ್ಯ. ನಿಷ್ಕ್ರಿಯ ಖಾತೆಯ ಅವಧಿ 24 ತಿಂಗಳು.
* ಐಎಚ್‌ಜಿ ಒನ್ ರಿವಾರ್ಡ್ಸ್: ಬಹುತೇಕ ಹೋಟೆಲುಗಳಲ್ಲಿ ಪ್ರತಿ ಡಾಲರಿಗೆ 10 ಪಾಯಿಂಟ್. ಸಿಲ್ವರ್‌ಗೆ 10, ಗೋಲ್ಡ್‌ಗೆ 20, ಪ್ಲಾಟಿನಂಗೆ 40, ಡೈಮಂಡ್‌ಗೆ 70 ರಾತ್ರಿಗಳು. ಮೂಲ ಶ್ರೇಣಿಯ ಸದಸ್ಯರ ಪಾಯಿಂಟ್ 12 ತಿಂಗಳ ನಿಷ್ಕ್ರಿಯತೆಯಿಂದ ರದ್ದಾಗುತ್ತದೆ. ಮೇಲಿನ ಶ್ರೇಣಿಯಲ್ಲಿ ಇರುವವರೆಗೆ ರದ್ದಾಗುವುದಿಲ್ಲ.
* ವರ್ಲ್ಡ್ ಆಫ್ ಹಯಾತ್: ಪ್ರತಿ ಡಾಲರಿಗೆ 5 ಪಾಯಿಂಟ್ ಮಾತ್ರ, ಆದರೆ ಉಚಿತ ರಾತ್ರಿಗೆ ಬೇಕಾಗುವ ಪಾಯಿಂಟ್ ಕೂಡ ಸಾಮಾನ್ಯವಾಗಿ ಕಡಿಮೆ. ಡಿಸ್ಕವರಿಸ್ಟ್, ಎಕ್ಸ್‌ಪ್ಲೋರಿಸ್ಟ್, ಗ್ಲೋಬಲಿಸ್ಟ್ ಶ್ರೇಣಿಗಳಿಗೆ ಕ್ರಮವಾಗಿ 10, 30, 60 ರಾತ್ರಿಗಳು.
* ಆಲ್: ಆಕರ್ ಸಮೂಹದ ಕಾರ್ಯಕ್ರಮ. 2,000 ಪಾಯಿಂಟಿಗೆ 40 ಯೂರೋ ಎಂಬ ನಿಗದಿತ ಬೆಲೆಯಿದೆ. ಸಿಲ್ವರ್‌ಗೆ 10, ಗೋಲ್ಡ್‌ಗೆ 30, ಪ್ಲಾಟಿನಂಗೆ 60 ರಾತ್ರಿಗಳು.
* ತಾಜ್ ಇನ್ನರ್‌ಸರ್ಕಲ್–ನ್ಯೂಪಾಸ್: ಪಾಯಿಂಟಿನ ಬದಲು ನ್ಯೂಕಾಯಿನ್ ದೊರೆಯುತ್ತದೆ. 1 ನ್ಯೂಕಾಯಿನ್‌ಗೆ 1 ರೂಪಾಯಿಯ ಬೆಲೆಯಿದ್ದು, ಟಾಟಾ ಸಮೂಹದ ಇತರ ಮಳಿಗೆಗಳಲ್ಲಿಯೂ ಬಳಸಬಹುದು. ತಿಂಗಳಿಗೊಮ್ಮೆ ತಂಗಿದರೂ ಗಳಿಸಿದ್ದನ್ನು ಮನೆಯ ದಿನಸಿಗೆ ಬಳಸಲು ಸಾಧ್ಯವಾಗುವುದು ಇದರ ಅನುಕೂಲ.
* ಕ್ಲಬ್ ಐಟಿಸಿ: ಗ್ರೀನ್ ಪಾಯಿಂಟ್ ಎಂಬ ಹೆಸರಿನಲ್ಲಿ ಜಮೆಯಾಗುತ್ತದೆ. ಐಟಿಸಿಯ ಕೆಲವು ಐಷಾರಾಮಿ ಹೋಟೆಲುಗಳು ಮ್ಯಾರಿಯಟ್‌ನ ಲಗ್ಜುರಿ ಕಲೆಕ್ಷನ್ ಹೆಸರನ್ನೂ ಹೊಂದಿರುವುದರಿಂದ ಅಲ್ಲಿ ಬಾನ್‌ವಾಯ್ ಕೂಡ ನಡೆಯುತ್ತದೆ.

ಪಾಯಿಂಟ್ ಇಲ್ಲದ ಪರ್ಯಾಯ ವ್ಯವಸ್ಥೆಗಳೂ ಇವೆ. ಲೀಲಾ ಹೋಟೆಲುಗಳು ಸೇರಿರುವ ಜಿಎಚ್‌ಎ ಡಿಸ್ಕವರಿಯಲ್ಲಿ ಬಿಲ್ಲಿನ ಒಂದು ಪಾಲು, ಅಮೆರಿಕನ್ ಡಾಲರಿಗೆ ಸಮವಾದ 'ಡಿಸ್ಕವರಿ ಡಾಲರ್' ರೂಪದಲ್ಲಿ ಮರಳುತ್ತದೆ. ಬಜೆಟ್ ಹೋಟೆಲುಗಳಲ್ಲಿ ಹಾಗೂ ಮಧ್ಯವರ್ತಿ ತಾಣಗಳ ಸದಸ್ಯತ್ವಗಳಲ್ಲಿ ಆಗಿಂದಾಗಲೇ ದೊರೆಯುವ ರಿಯಾಯಿತಿಗೆ ಹೆಚ್ಚು ಒತ್ತು ಇದೆ.

## ಬೆಲೆಯ ಲೆಕ್ಕಾಚಾರ

ಪಾಯಿಂಟುಗಳ ಸಂಖ್ಯೆಯನ್ನು ನೇರವಾಗಿ ಹೋಲಿಸಿದರೆ ತಪ್ಪು ನಿರ್ಣಯಕ್ಕೆ ಬರುವ ಸಂಭವವಿದೆ. ಒಂದು ಪಾಯಿಂಟಿನ ಬೆಲೆ ತಿಳಿಯಲು, ಉಚಿತ ರಾತ್ರಿಗೆ ಹಣ ಕೊಟ್ಟಿದ್ದರೆ ತೆರಿಗೆ ಸೇರಿ ಆಗುತ್ತಿದ್ದ ಮೊತ್ತವನ್ನು ಆ ರಾತ್ರಿಗೆ ಬೇಕಾಗುವ ಪಾಯಿಂಟುಗಳಿಂದ ಭಾಗಿಸಲಾಗುತ್ತದೆ.

ವಿವರಣೆಗಾಗಿ 9,000 ರೂ. ದರದ ಕೊಠಡಿಯೊಂದನ್ನು ಊಹಿಸಿಕೊಳ್ಳಬಹುದು. ಶೇ. 18 ತೆರಿಗೆ ಸೇರಿದರೆ ಬಿಲ್ಲು 10,620 ರೂ. ಆಗುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಡಾಲರಿಗೆ 90 ರೂ. ಮತ್ತು ಯೂರೋಗೆ 100 ರೂ. ಎಂದು ಹಿಡಿಯಲಾಗಿದೆ.

* ಡಾಲರಿಗೆ 10 ಪಾಯಿಂಟ್ ಕೊಡುವ ಕಾರ್ಯಕ್ರಮದಲ್ಲಿ 100 ಡಾಲರಿಗೆ 1,000 ಪಾಯಿಂಟ್ ಬರುತ್ತದೆ. ಅದೇ ಕೊಠಡಿಯು 15,000 ಪಾಯಿಂಟಿಗೆ ದೊರೆಯುವುದಾದರೆ ಒಂದು ಪಾಯಿಂಟಿನ ಬೆಲೆ ಸುಮಾರು 71 ಪೈಸೆ, ಗಳಿಕೆ ಸುಮಾರು 708 ರೂ.
* ಡಾಲರಿಗೆ 5 ಪಾಯಿಂಟ್ ಕೊಡುವ ಕಾರ್ಯಕ್ರಮದಲ್ಲಿ 500 ಪಾಯಿಂಟ್ ಬರುತ್ತದೆ. ಅದೇ ದರದ ಕೊಠಡಿಯು 8,000 ಪಾಯಿಂಟಿಗೆ ದೊರೆಯುವುದಾದರೆ ಒಂದು ಪಾಯಿಂಟಿನ ಬೆಲೆ ಸುಮಾರು 1.33 ರೂ., ಗಳಿಕೆ ಸುಮಾರು 664 ರೂ.
* ಕೊಠಡಿ ದರದ ಶೇ. 5ರಷ್ಟನ್ನು ರೂಪಾಯಿ ಬೆಲೆಯ ನಾಣ್ಯವಾಗಿ ಕೊಡುವ ಕಾರ್ಯಕ್ರಮದಲ್ಲಿ ಗಳಿಕೆ 450 ರೂ. ಆಲ್ ಕಾರ್ಯಕ್ರಮದ ಮೂಲ ಶ್ರೇಣಿಯಲ್ಲಿ 10 ಯೂರೋಗೆ 25 ಪಾಯಿಂಟಿನಂತೆ 90 ಯೂರೋಗೆ 225 ಪಾಯಿಂಟ್ ದೊರೆತು, ನಿಗದಿತ ಬೆಲೆಯಲ್ಲಿ ಅದೂ 450 ರೂ. ಆಗುತ್ತದೆ.

ಮೊದಲ ಎರಡರಲ್ಲಿ ಗಳಿಕೆ ಹೆಚ್ಚಾಗಿ ಕಂಡರೂ, ಆ ಬೆಲೆ ಕೈಸೇರಬೇಕಾದರೆ ಒಂದು ರಾತ್ರಿಗೆ ಬೇಕಾಗುವಷ್ಟು ಪಾಯಿಂಟ್ ಕೂಡಬೇಕು ಮತ್ತು ಬೇಕಾದ ದಿನ ಕೊಠಡಿ ದೊರೆಯಬೇಕು. ಮೂರನೆಯದರಲ್ಲಿ ಗಳಿಕೆ ಕಡಿಮೆಯಾದರೂ ಬೆಲೆ ನಿಶ್ಚಿತವಾಗಿದೆ. ವರ್ಷಕ್ಕೆ ನಾಲ್ಕಾರು ರಾತ್ರಿ ತಂಗುವವರಿಗೆ ನಿಶ್ಚಿತ ಬೆಲೆಯ ಕಾರ್ಯಕ್ರಮವೂ, ಹತ್ತಾರು ರಾತ್ರಿ ತಂಗುವವರಿಗೆ ಮೊದಲ ಬಗೆಯದೂ ಸಾಮಾನ್ಯವಾಗಿ ಹೊಂದುತ್ತದೆ.

### ತೆರಿಗೆಯ ಪ್ರಭಾವ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗಿನ ಕೊಠಡಿ ದರಕ್ಕೆ ಶೇ. 5 ಮತ್ತು ಅದಕ್ಕಿಂತ ಮೇಲ್ಪಟ್ಟ ದರಕ್ಕೆ ಶೇ. 18 ಜಿಎಸ್‌ಟಿ ಜಾರಿಯಲ್ಲಿದೆ. ಇದರಿಂದ 7,400 ರೂ. ಕೊಠಡಿಯ ಬಿಲ್ಲು 7,770 ರೂ. ಆದರೆ, 7,600 ರೂ. ಕೊಠಡಿಯ ಬಿಲ್ಲು 8,968 ರೂ. ಆಗುತ್ತದೆ. ದರದಲ್ಲಿ 200 ರೂ. ವ್ಯತ್ಯಾಸವು ಬಿಲ್ಲಿನಲ್ಲಿ 1,198 ರೂ. ಆಗಿ ಬೆಳೆಯುತ್ತದೆ, ಹೆಚ್ಚಾದ ತೆರಿಗೆಗೆ ಪಾಯಿಂಟ್ ಸಿಗುವುದಿಲ್ಲ. ಪಾಯಿಂಟಿಗಾಗಿ ತುಸು ದುಬಾರಿ ಹೋಟೆಲನ್ನು ಆರಿಸುವವರು ಈ ಗಡಿಯನ್ನು ಗಮನಿಸಬೇಕಾಗುತ್ತದೆ.

ಕಂಪನಿಯ ಖರ್ಚಿನಲ್ಲಿ ತಂಗುವಾಗ ಇನ್ನೊಂದು ಅಂಶವಿದೆ. ಹೋಟೆಲ್ ವಾಸ್ತವ್ಯಕ್ಕೆ ತೆರಿಗೆಯ ಸ್ಥಳವು ಹೋಟೆಲ್ ಇರುವ ರಾಜ್ಯವೇ ಆಗಿರುವುದರಿಂದ, ಕರ್ನಾಟಕದಲ್ಲಿ ನೋಂದಣಿ ಇಲ್ಲದ ಹೊರರಾಜ್ಯದ ಕಂಪನಿಯು ದೇವನಹಳ್ಳಿಯ ಹೋಟೆಲಿಗೆ ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಹಿಂಪಡೆಯಲು ಸಾಧ್ಯವಿಲ್ಲ. ಶೇ. 5ರ ದರದಲ್ಲಿ ಹೋಟೆಲಿಗೂ ಹೂಡುವಳಿ ತೆರಿಗೆಯ ಅನುಕೂಲವಿಲ್ಲ.

## ಶ್ರೇಣಿಯ ಉಪಯೋಗ

ಪದೇ ಪದೇ ಪ್ರಯಾಣಿಸುವವರಿಗೆ ಪಾಯಿಂಟಿಗಿಂತ ಶ್ರೇಣಿಯ ಸೌಲಭ್ಯಗಳು ಹೆಚ್ಚು ಬೆಲೆಬಾಳುವುದುಂಟು. ಬೆಂಗಳೂರಿನಿಂದ ಯೂರೋಪಿಗೆ ಹೊರಡುವ ಅನೇಕ ವಿಮಾನಗಳು ಮಧ್ಯರಾತ್ರಿಯ ಬಳಿಕ ಇಲ್ಲವೇ ಮುಂಜಾನೆ ಹಾರುತ್ತವೆ. ಮಧ್ಯಾಹ್ನ 12ಕ್ಕೆ ಕೊಠಡಿ ತೆರವು ಮಾಡಬೇಕಾದ ಪ್ರಯಾಣಿಕನು ಅರ್ಧ ದಿನವನ್ನು ಹೊರಗೆ ಕಳೆಯಬೇಕು ಅಥವಾ ಇನ್ನೊಂದು ದಿನದ ಬಾಡಿಗೆ ತೆರಬೇಕು. ಬಾನ್‌ವಾಯ್ ಪ್ಲಾಟಿನಂ ಮತ್ತು ಹಯಾತ್ ಗ್ಲೋಬಲಿಸ್ಟ್ ಶ್ರೇಣಿಗಳಲ್ಲಿ ಸಂಜೆ 4ರವರೆಗೆ ಇರಲು ಅವಕಾಶವಿರುವುದು ಇಂತಹ ಸಂದರ್ಭದಲ್ಲಿ ನೆರವಾಗುತ್ತದೆ. ಆದರೆ ರೆಸಾರ್ಟ್‌ಗಳಲ್ಲಿ ಈ ಸೌಲಭ್ಯವು ಲಭ್ಯತೆಗೆ ಒಳಪಟ್ಟಿರುತ್ತದೆ.

ಶ್ರೇಣಿಯ ಲೆಕ್ಕ ವರ್ಷಾಂತ್ಯಕ್ಕೆ ಮುಗಿಯುವುದರಿಂದ ಗಡಿಯ ಸಮೀಪದಲ್ಲಿರುವವರು ಅನಗತ್ಯವಾಗಿ ತಂಗುವುದುಂಟು. ತಿಂಗಳಿಗೆ ಎರಡು ಬಾರಿ ಬಂದು ಪ್ರತಿ ಬಾರಿ 2 ರಾತ್ರಿ ತಂಗುವ ಉದ್ಯೋಗಿಗೆ ವರ್ಷಕ್ಕೆ 48 ರಾತ್ರಿಗಳಾಗುತ್ತವೆ. 50 ರಾತ್ರಿಗಳ ಶ್ರೇಣಿಗೆ 2 ರಾತ್ರಿ ಕಡಿಮೆ ಬೀಳುತ್ತದೆ. ಇಂತಹವರಿಗೆ ಜಂಟಿ ಕ್ರೆಡಿಟ್ ಕಾರ್ಡ್ ಒಂದು ಮಾರ್ಗವಾಗಿದೆ. ಮೇಲೆ ಹೇಳಿದ ಎಚ್‌ಡಿಎಫ್‌ಸಿ–ಬಾನ್‌ವಾಯ್ ಕಾರ್ಡ್ 3,000 ರೂ. ಮತ್ತು ತೆರಿಗೆಯ ವಾರ್ಷಿಕ ಶುಲ್ಕದೊಂದಿಗೆ ಆರಂಭವಾಯಿತು. ಸಿಲ್ವರ್ ಶ್ರೇಣಿ, 10 ರಾತ್ರಿಗಳ ಎಣಿಕೆ ಮತ್ತು 15,000 ಪಾಯಿಂಟ್‌ವರೆಗಿನ ಒಂದು ಉಚಿತ ರಾತ್ರಿ ಅದರ ಮುಖ್ಯ ಸೌಲಭ್ಯಗಳಾಗಿದ್ದವು. ಬಾಕಿಯನ್ನು ಪೂರ್ತಿಯಾಗಿ ತೀರಿಸದೆ ಬಡ್ಡಿ ಕಟ್ಟುವವರಿಗೆ ಇಂತಹ ಕಾರ್ಡಿನಿಂದ ಲಾಭವಿಲ್ಲ. ಕೆಲವು ತಿಂಗಳ ಬಡ್ಡಿಯೇ ಉಚಿತ ರಾತ್ರಿಯ ಬೆಲೆಯನ್ನು ತಿಂದುಹಾಕಬಹುದು.

## ಟೀಕೆಗಳು ಮತ್ತು ಸಮಸ್ಯೆಗಳು

### ಬೆಲೆ ಕುಸಿತ

ಪಾಯಿಂಟ್ ಹಣವಲ್ಲ. ಕಾರ್ಯಕ್ರಮದ ನಿಯಮಗಳ ಪ್ರಕಾರ ಅದು ಸಮೂಹವು ನೀಡಿದ, ಹಿಂತೆಗೆದುಕೊಳ್ಳಬಹುದಾದ ಅನುಕೂಲ ಮಾತ್ರ. ಹಿಂದೆ ಯಾವ ವರ್ಗದ ಹೋಟೆಲಿಗೆ ಎಷ್ಟು ಪಾಯಿಂಟ್ ಎಂಬ ಪಟ್ಟಿ ಪ್ರಕಟವಾಗುತ್ತಿತ್ತು. ಹಿಲ್ಟನ್ 2017ರಲ್ಲಿ, ಮ್ಯಾರಿಯಟ್ 2022ರ ಮಾರ್ಚ್‌ನಲ್ಲಿ ಇಂತಹ ಪಟ್ಟಿಯನ್ನು ಕೈಬಿಟ್ಟು, ಕೊಠಡಿ ದರದೊಂದಿಗೆ ಏರಿಳಿಯುವ ಪದ್ಧತಿಗೆ ಬದಲಾದವು. ಹಯಾತ್ ಪಟ್ಟಿಯನ್ನು ಉಳಿಸಿಕೊಂಡು, ಬೇಡಿಕೆ ಹೆಚ್ಚಿರುವ ಹಾಗೂ ಕಡಿಮೆಯಿರುವ ದಿನಗಳಿಗೆ ಬೇರೆ ಬೇರೆ ದರಗಳನ್ನು ಸೇರಿಸಿತು. ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ಪ್ರದರ್ಶನ ನಡೆಯುವಾಗ ಉತ್ತರ ಬೆಂಗಳೂರು ಮತ್ತು ದೇವನಹಳ್ಳಿ ಭಾಗದ ಕೊಠಡಿಗಳಿಗೆ ಬೇಡಿಕೆ ಏರುತ್ತದೆ. ಏರಿಳಿಯುವ ಪದ್ಧತಿಯಲ್ಲಿ ಅಂತಹ ದಿನಗಳಂದು ಬೇಕಾಗುವ ಪಾಯಿಂಟ್ ಕೂಡ ಏರುತ್ತದೆ. ಈ ಕಾರಣದಿಂದ ಪಾಯಿಂಟುಗಳನ್ನು ವರ್ಷಗಟ್ಟಲೆ ಕೂಡಿಡುವುದಕ್ಕಿಂತ ಗಳಿಸಿದಂತೆ ಬಳಸುವುದು ಲೇಸೆಂಬ ಅಭಿಪ್ರಾಯ ಅನುಭವಿ ಪ್ರಯಾಣಿಕರಲ್ಲಿ ಸಾಮಾನ್ಯವಾಗಿದೆ.

### ಖರ್ಚು ಒಬ್ಬರದು, ಲಾಭ ಇನ್ನೊಬ್ಬರದು

ಉದ್ಯೋಗ ನಿಮಿತ್ತದ ಪ್ರಯಾಣದಲ್ಲಿ ಬಿಲ್ಲು ಕಟ್ಟುವುದು ಕಂಪನಿ, ಪಾಯಿಂಟ್ ಸೇರುವುದು ಉದ್ಯೋಗಿಯ ಹೆಸರಿಗೆ. ಆದ್ದರಿಂದ ಅಗ್ಗದ ಹೋಟೆಲು ಹತ್ತಿರದಲ್ಲಿದ್ದರೂ ತನ್ನ ಕಾರ್ಯಕ್ರಮದ ದುಬಾರಿ ಹೋಟೆಲನ್ನೇ ಆರಿಸುವ ಪ್ರಲೋಭನೆ ಉಂಟಾಗುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನು ಯಜಮಾನ–ಪ್ರತಿನಿಧಿ ಸಮಸ್ಯೆಯ ಉದಾಹರಣೆಯಾಗಿ ನೋಡಲಾಗುತ್ತದೆ. ಅನೇಕ ಕಂಪನಿಗಳು ದಿನಕ್ಕೆ ಇಂತಿಷ್ಟು ಎಂಬ ಮಿತಿಯನ್ನು ಹಾಕಿ, ಅದರೊಳಗೆ ಪಾಯಿಂಟುಗಳನ್ನು ಉದ್ಯೋಗಿಗೇ ಬಿಡುತ್ತವೆ. ವಿಮಾನ ಪ್ರಯಾಣದ ವಿಷಯದಲ್ಲಿ ಕೇಂದ್ರ ಸರ್ಕಾರವು, ಅಧಿಕೃತ ಪ್ರವಾಸದಿಂದ ನೌಕರರು ಗಳಿಸಿದ ಮೈಲಿಗಳನ್ನು ಅಧಿಕೃತ ಪ್ರವಾಸಕ್ಕೇ ಬಳಸಬೇಕೆಂದು ಸೂಚಿಸಿದೆ.

ಸ್ವಂತ ಖರ್ಚಿನಲ್ಲಿ ಪ್ರಯಾಣಿಸುವ ಸಣ್ಣ ವ್ಯಾಪಾರಿಯ ಲೆಕ್ಕ ಬೇರೆಯಾಗಿದೆ. ದೊಡ್ಡಬಳ್ಳಾಪುರಕ್ಕೆ ಬಟ್ಟೆಯ ವ್ಯವಹಾರಕ್ಕಾಗಿ ವರ್ಷಕ್ಕೆ 10 ರಾತ್ರಿ ಬರುವವರು 2,500 ರೂ. ಲಾಡ್ಜಿನ ಬದಲು 6,500 ರೂ. ಸರಣಿ ಹೋಟೆಲಿನಲ್ಲಿ ತಂಗಿದರೆಂದು ಊಹಿಸಿದರೆ, ತೆರಿಗೆ ಬಿಟ್ಟು 40,000 ರೂ. ಹೆಚ್ಚು ಖರ್ಚಾಗುತ್ತದೆ. 65,000 ರೂ. ಮೇಲೆ ಶೇ. 7ರಷ್ಟು ಬೆಲೆಯ ಪಾಯಿಂಟ್ ಬಂದರೆ 4,550 ರೂ., ದಿನಕ್ಕೆ 500 ರೂ. ಬೆಲೆಯ ಉಪಾಹಾರ ಸಿಕ್ಕರೆ 5,000 ರೂ., ಒಟ್ಟು 9,550 ರೂ. ಮರಳಿದಂತಾಗುತ್ತದೆ. ಉಳಿದ 30,450 ರೂ. ಕೊಠಡಿಯ ಗುಣಮಟ್ಟಕ್ಕೆ ಕೊಟ್ಟ ಬೆಲೆಯೇ ಹೊರತು ಉಳಿತಾಯವಲ್ಲ. ಹೇಗೂ ತಂಗಬೇಕಾಗಿರುವ ಹೋಟೆಲಿನಲ್ಲಿ ಸಿಗುವ ಪಾಯಿಂಟ್ ಲಾಭವಾದರೆ, ಪಾಯಿಂಟಿಗಾಗಿಯೇ ಹುಡುಕಿ ಹೋದ ಹೋಟೆಲು ಖರ್ಚಾಗುತ್ತದೆ.

### ಸ್ಥಳೀಯ ವಸತಿಗೃಹಗಳು

ಸರಣಿಗೆ ಸೇರದ ಲಾಡ್ಜುಗಳು ಮತ್ತು ಹೋಂಸ್ಟೇಗಳು ಕೋಟ್ಯಂತರ ಸದಸ್ಯರ ಜಾಲದೊಂದಿಗೆ ಪೈಪೋಟಿ ನಡೆಸಲಾರವು. ಸರಣಿಯ ಹೆಸರನ್ನು ಪಡೆಯಬೇಕಾದರೆ ಪರವಾನಗಿ ಶುಲ್ಕ, ಕಾರ್ಯಕ್ರಮದ ವಂತಿಗೆ ಹಾಗೂ ನಿಗದಿತ ಗುಣಮಟ್ಟದ ನವೀಕರಣದ ವೆಚ್ಚವನ್ನು ಭರಿಸಬೇಕು. ನಡುವಿನ ಮಾರ್ಗವಾಗಿ, 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟ್ರೀಬೋದಂತಹ ಸಂಸ್ಥೆಗಳು ಸಣ್ಣ ಹೋಟೆಲುಗಳನ್ನು ಒಂದೇ ಹೆಸರಿನಡಿ ತಂದವು. ಮತ್ತೆ ಮತ್ತೆ ಬರುವವರಿಗೆ ಬಾಯಿಮಾತಿನಲ್ಲಿ ಬಾಡಿಗೆ ಇಳಿಸುವ ಹಳೆಯ ಪದ್ಧತಿ ಜಿಲ್ಲೆಯ ಪಟ್ಟಣಗಳ ಲಾಡ್ಜುಗಳಲ್ಲಿ ಈಗಲೂ ಇದೆ.

### ಮಾಹಿತಿಯ ಸುರಕ್ಷತೆ

ಸದಸ್ಯತ್ವಕ್ಕಾಗಿ ಹೆಸರು, ವಿಳಾಸ, ಜನ್ಮದಿನಾಂಕ, ಪ್ರಯಾಣದ ವಿವರ ಮತ್ತು ಕೆಲವೊಮ್ಮೆ ಪಾಸ್‌ಪೋರ್ಟ್ ಸಂಖ್ಯೆಯನ್ನೂ ಸಂಗ್ರಹಿಸಲಾಗುತ್ತದೆ. ಸ್ಟಾರ್‌ವುಡ್‌ನ ಅತಿಥಿ ದತ್ತಾಂಶಕ್ಕೆ ಕನ್ನ ಬಿದ್ದಿರುವುದನ್ನು ಮ್ಯಾರಿಯಟ್ 2018ರ ನವೆಂಬರ್ 30ರಂದು ಪ್ರಕಟಿಸಿತು. ಮೊದಲಿಗೆ 50 ಕೋಟಿ ಅತಿಥಿಗಳವರೆಗೆ ಎಂದು ಅಂದಾಜಿಸಿ, ಬಳಿಕ ಅದನ್ನು ಸುಮಾರು 38.3 ಕೋಟಿ ದಾಖಲೆಗಳಿಗೆ ಇಳಿಸಲಾಯಿತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಈ ಸಂಬಂಧ 1.84 ಕೋಟಿ ಪೌಂಡ್ ದಂಡ ವಿಧಿಸಿತು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂತಹ ಮಾಹಿತಿಯನ್ನು ಸಂಗ್ರಹಿಸುವ ಸಂಸ್ಥೆಗಳ ಹೊಣೆಗಳನ್ನು ನಿಗದಿಪಡಿಸುತ್ತದೆ. ಸದಸ್ಯರ ಖಾತೆಗೆ ಅಕ್ರಮವಾಗಿ ಪ್ರವೇಶಿಸಿ ಪಾಯಿಂಟ್ ಕದಿಯುವ ಪ್ರಕರಣಗಳೂ ಜಗತ್ತಿನ ಅನೇಕ ಕಡೆ ನಡೆದಿವೆ. ಪಾಯಿಂಟಿನ ಖಾತೆಗೂ ಬ್ಯಾಂಕ್ ಖಾತೆಯಷ್ಟೇ ಭದ್ರವಾದ ಗುಪ್ತಪದ ಇರಬೇಕೆಂದು ತಜ್ಞರು ಸಲಹೆ ನೀಡುತ್ತಾರೆ.

## ಇವನ್ನೂ ನೋಡಿ

* ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ
* ಬೆಂಗಳೂರು ಗ್ರಾಮಾಂತರ ಜಿಲ್ಲೆ
* ದೇವನಹಳ್ಳಿ
* ಸರಕು ಮತ್ತು ಸೇವಾ ತೆರಿಗೆ
* ಆತಿಥ್ಯ ಉದ್ಯಮ